ವಿಧವೆಯರು ಗಂಡನ ಹೆಸರನ್ನು ಮೈಕಿನಲ್ಲಿ ಹೇಳುವ ಕುರಿತು

ವೃದ್ಧರ ಅರಿವು, ತಿಳಿವಳಿಕೆ ಹಾಗೂ ಜಾಗೃತಿ ಇಲಾಖೆ
ಆದವಾನಿ ಶಾಖೆ (ಎರಡನೆಯ ಮಹಡಿ, ಲಿಫ್ಟ್ ಇಲ್ಲ)

ಸಂಖ್ಯೆ: ವೃ.ಅ.ತಿ.ಜಾ/ಗಂ.ಹೆ/41/2025
ದಿನಾಂಕ: 15-09-2025

ವಿಷಯ: ಸೌಲಭ್ಯಗಳ ಅರಿವು ಶಿಬಿರದಲ್ಲಿ ಗಂಡನ ಹೆಸರು ಹೇಳಲು ನಾಚುವ ಹೆಂಗಸರನ್ನು ಸರಿದಾರಿಗೆ ತರುವ ಬಗ್ಗೆ.

ಉಲ್ಲೇಖ: 1. ದಿನಾಂಕ 12-08-2025ರ ಶಿಬಿರದ ನಡಾವಳಿ.
2. ಚಿಪ್ಪಗಿರಿಯ ಗಾದಿಲಿಂಗಮ್ಮನವರ ಅಳಲು (ಲಿಖಿತವಾಗಿಲ್ಲದ ಕಾರಣ ಅಳಲೆಂದು ಪರಿಗಣಿಸಿಲ್ಲ).

ಹಿರಿಯರು ತಮಗೆ ಏನೇನು ಸಿಗಬೇಕೆಂದು ತಿಳಿಯದೆ ನೆಮ್ಮದಿಯಾಗಿರುವುದು ಇಲಾಖೆಯ ಗಮನಕ್ಕೆ ಬಂದಿದ್ದರಿಂದ, ಅವರನ್ನು ತಿಳಿವಳಿಕೆಗೆ ಒಳಪಡಿಸಲು ಶಿಬಿರ ನಡೆಸಲಾಯಿತು. ಚಿಪ್ಪಗಿರಿಯಿಂದ ಹದಿಮೂರು ಜನ ಒಂದೇ ಶೇರ್ ಆಟೋದಲ್ಲಿ ಬಂದರು. ಅವರಲ್ಲಿ ಗಾದಿಲಿಂಗಮ್ಮ ಎಂಬ ಐವತ್ತೊಂಬತ್ತರ ಕೂಲಿ ಹೆಂಗಸೂ ಒಬ್ಬರು. ಗಂಡ ತೀರಿ ಆರು ವರ್ಷವಾಗಿದ್ದರೂ ವಿಧವಾ ಪಿಂಚಣಿ ಎಂಬುದೊಂದಿದೆಯೆಂದು ಈಕೆಗೆ ಯಾರೂ ಹೇಳಿರಲಿಲ್ಲ. ಮೊಣಕಾಲು ಹೋಗಿದೆ, ಹತ್ತಿ ಬಿಡಿಸಲು ಹೊಲದಲ್ಲಿ ನಿಲ್ಲಲಾಗದು. ಪಿಂಚಣಿ ಬಂದರೆ ಗುಳಿಗೆಗೆ ಯಾರ ಮುಂದೆಯೂ ಕೈಚಾಚಬೇಕಿಲ್ಲವೆಂದು ಈಕೆ ಹಿಗ್ಗಿದ್ದು ನಡಾವಳಿಯಲ್ಲಿ ದಾಖಲಾಗಿದೆ. ಇಲ್ಲಿಯವರೆಗೆ ಶಿಬಿರ ಯಶಸ್ವಿ.

ಆದರೆ ಅರ್ಜಿಗೆ ಧ್ವನಿ ದೃಢೀಕರಣ ಕಡ್ಡಾಯ. ಅರ್ಜಿದಾರಳು ಗಂಡನ ಹೆಸರನ್ನು ಮೈಕಿನಲ್ಲಿ ಸ್ವತಃ ಹೇಳತಕ್ಕದ್ದು. ಈಕೆ ಸೆರಗನ್ನು ಬಾಯಿಗಿಟ್ಟುಕೊಂಡರು. ದಾಖಲಾದ ಹೇಳಿಕೆ: "ಮೂವತ್ತೇಳು ವರ್ಷ ಬಾಳೇವು ಮಾಡೀನ್ರಿ, ಒಂದಿನ ಅವರ ಹೆಸರ ಬಾಯಾಗ ತಂದಾಕಿ ಅಲ್ಲ. ಈಗ ಮೈಕಿನಾಗ ಕೂಗ್ಲೇನು? ಅಲ್ಲಿ ಬೇವಿನ ಗಿಡದ ಕೆಳಗ ಆಟೋದವ ಕುಂತಾನಲ್ಲ, ಅವನ ಹೆಸರೇ ನಮ್ಮ ಮನಿಯವ್ರ ಹೆಸರು. ಅವನ್ನ ಕೇಳಿ ಬರಕೊಳ್ರಿ."

ಮಧ್ಯಾಹ್ನದೊಳಗೆ ಇನ್ನೂರ ನಲವತ್ತು ಜನರಿಗೆ ಅರಿವು ಮೂಡಿಸುವ ಗುರಿಯಿದ್ದುದರಿಂದ, ಸಿಬ್ಬಂದಿ ಹೊರಗೆ ಓಡಿ ಆಟೋ ಚಾಲಕ ಜಂಬುನಾಥ, ವಯಸ್ಸು ಮೂವತ್ತಾರು, ಇವರ ಹೆಸರು, ಆಧಾರ್ ಮತ್ತು ನಗುಮುಖದ ಫೋಟೋವನ್ನು ಗಂಡನ ಕಲಮಿಗೆ ಏರಿಸಿದರು. ಗಾದಿಲಿಂಗಮ್ಮನವರು ಅಂದಿನಿಂದ ಮುತ್ತೈದೆ. ಮುತ್ತೈದೆಗೆ ವಿಧವಾ ಪಿಂಚಣಿ ಇಲ್ಲವಾದ್ದರಿಂದ ಅರ್ಜಿ ತಿರಸ್ಕೃತವಾಗಿದೆ. ಈ ಹಿನ್ನೆಲೆಯಲ್ಲಿ ಕೆಳಗಿನಂತೆ ವಿಧಿಸಲಾಗಿದೆ.

1. ಗಂಡನ ಹೆಸರನ್ನು ಬೆರಳು, ಗಲ್ಲ, ಹುಬ್ಬು ಅಥವಾ ಪರಗಂಡಸರ ಮೂಲಕ ಸೂಚಿಸತಕ್ಕದ್ದಲ್ಲ. ಒಡಪಿನಲ್ಲಿ ಹೆಸರು ಹೇಳುವ ಪದ್ಧತಿಯುಳ್ಳವರು ಒಡಪನ್ನು ಹನ್ನೆರಡು ಅಕ್ಷರಕ್ಕೆ ಮಿತಿಗೊಳಿಸಿ, ಪ್ರಾಸವನ್ನು ಮುಂಚಿತವಾಗಿ ಕಚೇರಿಗೆ ತೋರಿಸಿ ಅನುಮೋದನೆ ಪಡೆಯತಕ್ಕದ್ದು.

2. ಮರಣ ಪತ್ರದಲ್ಲಿ ಸತ್ತವರು ಕಂಪ್ಯೂಟರಿನಲ್ಲಿ ಬದುಕಿದ್ದಲ್ಲಿ ಕಂಪ್ಯೂಟರಿನ ಮಾತೇ ಅಂತಿಮ. ಸತ್ತವರು ಇದನ್ನು ಪ್ರಶ್ನಿಸುವಂತಿಲ್ಲ.

3. ಹೊಸ ಗಂಡನಿಗೆ ಸ್ವಂತ ಆಟೋ ಇರುವುದರಿಂದ ಗಾದಿಲಿಂಗಮ್ಮನವರ ಕುಟುಂಬವನ್ನು ವಾಹನವಂತ ಕುಟುಂಬವೆಂದು ಗುರುತಿಸಿ ಅಭಿನಂದಿಸಲಾಗಿದೆ. ಮುಂದಿನ ವರ್ಷ ಅರವತ್ತು ತುಂಬಿದಾಗ ವೃದ್ಧಾಪ್ಯ ಪಿಂಚಣಿಗೂ ಇದೇ ಗಂಡ ಅಡ್ಡ ಬರತಕ್ಕದ್ದು.

4. ಸದರಿ ಚಾಲಕನ ಮನೆಯಲ್ಲಿ ಮೊದಲಿನಿಂದಲೂ ಇರುವ ಲಾವಣ್ಯ ಎಂಬುವವರನ್ನು ಎರಡನೆಯ ಪತ್ನಿಯೆಂದು ತಾತ್ಕಾಲಿಕವಾಗಿ ಪರಿಗಣಿಸಿ ವಿವರಣೆ ಕೇಳಲಾಗಿದೆ. ಇವರು ಕಚೇರಿಗೇ ಬಂದು, ತೆಲುಗು ಬೆರೆಸಿ, "ಏಮಿ ಸಾರ್ ಇದಿ? ಆಕಿ ನಮ್ಮತ್ತಿ ವಯಸ್ಸಿನಾಕಿ! ನಿಮ್ಮ ಕಂಪ್ಯೂಟರಿಗೆ ಕಣ್ಣಿಲ್ಲೇನು?" ಎಂದಿರುವುದು ವಿವರಣೆಯ ನಮೂನೆಯಲ್ಲಿ ಇಲ್ಲದ ಕಾರಣ ಸ್ವೀಕರಿಸಿಲ್ಲ.

5. ತೆಲುಗು ರಾಜ್ಯದ ಈ ಗಡಿಭಾಗದಲ್ಲಿ ಕನ್ನಡ ಮಾತಾಡುವ ಹಿರಿಯರ ಅನುಕೂಲಕ್ಕಾಗಿ ಕರಪತ್ರಗಳನ್ನು ತೆಲುಗಿನಲ್ಲಿ ಮುದ್ರಿಸಲಾಗಿದೆ. ಯಾವ ಭಾಷೆಯನ್ನೂ ಓದಲು ಬಾರದವರು ಮೂರನೆಯ ಪುಟದಲ್ಲಿರುವ 'ಓದಲು ಬಾರದವರಿಗೆ ಸೂಚನೆ'ಯನ್ನು ತಪ್ಪದೆ ಓದಿಕೊಳ್ಳತಕ್ಕದ್ದು.

6. 'ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ' ಎಂಬ ಗಾದೆಯನ್ನು ಶಿಬಿರದ ಆವರಣದಲ್ಲಿ ನಿಷೇಧಿಸಲಾಗಿದೆ.

7. ದಿನಾಂಕ 09-09-2025ರ ಮರುವಿಚಾರಣೆ ಕುರಿತು. ಅಂದು ಗಾದಿಲಿಂಗಮ್ಮನವರು ನಡುನಡುವೆ ಕೂತು ಸುಧಾರಿಸಿಕೊಂಡು ಎರಡು ಮಹಡಿ ಹತ್ತಿದರು. ತಲೆ ತುಂಬ ಸೆರಗು ಹೊದ್ದರು. ಗೋಡೆಯ ಕಡೆ ಮುಖ ಮಾಡಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಮದುವೆಯಾಗಿ ನಲವತ್ತಮೂರು ವರ್ಷಗಳಲ್ಲಿ ಮೊದಲ ಸಲ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರು. ಹೇಳಿ ಅತ್ತರು. ತೀರಿಹೋದವರನ್ನು ಉದ್ದೇಶಿಸಿ "ತಪ್ಪಾತ್ರಿ, ಹೊಟ್ಟಿ ಸಲುವಾಗಿ ಅಂದೀನಿ, ಸಿಟ್ಟಾಗಬ್ಯಾಡ್ರಿ" ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಕೆಳಗೆ ಸಹಿ ಮಾಡಿದವರೂ ಅಲ್ಲಿದ್ದು, ಅವರಿಂದ ಕಡತ ನೋಡುತ್ತಿರುವಂತೆ ನಟಿಸಲಾಯಿತು. ಅಯ್ಯೋ, ಇನ್ನೇನು ಮಾಡಲು ಸಾಧ್ಯವಿತ್ತು ಎಂಬುದಕ್ಕೆ ನಿಯಮಾವಳಿಯಲ್ಲಿ ಉತ್ತರ ಸಿಕ್ಕಿಲ್ಲ. ಆ ಹೊತ್ತಿನಲ್ಲಿ ಸರ್ವರ್ ಇರಲಿಲ್ಲ. ಆದಕಾರಣ ಸದರಿ ಉಚ್ಚಾರಣೆ ನಡೆದೇ ಇಲ್ಲವೆಂದು ತೀರ್ಮಾನಿಸಲಾಗಿದೆ.

8. ಈಕೆ ದಿನಾಂಕ 14-10-2025ರಂದು ಪುನಃ ಬಂದು ಪುನಃ ಹೇಳತಕ್ಕದ್ದು. ಅಳುವ ಭಾಗವನ್ನು ಪುನರಾವರ್ತಿಸುವ ಅಗತ್ಯವಿಲ್ಲ.

ಶಿಬಿರದಲ್ಲಿ ನೂರಕ್ಕೆ ನೂರು ಅರಿವು ಮೂಡಿದೆಯೆಂದೂ, ಪಿಂಚಣಿ ಮಂಜೂರಾದವರ ಸಂಖ್ಯೆ ಅರಿವಿನ ಲೆಕ್ಕಕ್ಕೆ ಬರುವುದಿಲ್ಲವೆಂದೂ ಸರ್ವರಿಗೂ ತಿಳಿಯಪಡಿಸಲಾಗಿದೆ.

(ಸಹಿ)
ಹಾಲೇಶ್
ಪ್ರಭಾರ ಉಪ ಅರಿವಧಿಕಾರಿ

ಪ್ರತಿಗಳು:
1. ಗಾದಿಲಿಂಗಮ್ಮ, ಚಿಪ್ಪಗಿರಿ: ಯಾರಿಂದಲಾದರೂ ಓದಿಸಿಕೊಂಡು ಅರಿವು ಹೊಂದಲು.
2. ಜಂಬುನಾಥ, ಆಟೋ ಚಾಲಕ ಮತ್ತು ಪತಿ: ಮುಂದಿನ ಸಲ ಬೇವಿನ ಮರದಿಂದ ದೂರ ನಿಲ್ಲಲು.
3. ಲಾವಣ್ಯ: ಏಳು ದಿನದೊಳಗೆ, ಬೈಗುಳವಿಲ್ಲದೆ ಉತ್ತರಿಸಲು.
4. ಸೂಚನಾ ಫಲಕಕ್ಕೆ (ಫಲಕ ಬಂದ ನಂತರ).
5. ಇನ್ನೊಬ್ಬ ಜಂಬುನಾಥ, ಕೂಲಿ, ಊರ ಹೊರಗಿನ ಮಣ್ಣು ಮಾಡಿದ ಜಾಗ, ಚಿಪ್ಪಗಿರಿ: ದಿನಾಂಕ 14-10-2025ರಂದು ಖುದ್ದು ಹಾಜರಾಗಲು. ಹಾಜರಾಗದಿದ್ದಲ್ಲಿ ಅದನ್ನು ಸಾವಿಗೆ ಪುರಾವೆಯೆಂದು ಪರಿಗಣಿಸಲಾಗುವುದಿಲ್ಲ.