ನನ್ನ ಹೆಸರಿನ ಬೆಂಚು

ಕೀಟಲೆಯಲ್ಲಿ ನನ್ನನ್ನು ಮೀರಿಸುವವರು ಕಳವಾ ಸ್ಟೇಷನ್ನಿನಿಂದ ಕಲ್ಯಾಣದವರೆಗೆ ಯಾರೂ ಇಲ್ಲ. ಅಂಥ ನನ್ನನ್ನೇ ಒಂದು ಭಾನುವಾರ ಬೆಳಿಗ್ಗೆ, ಜೀವಂತ ಇರುವಾಗಲೇ, ಸಾಯಿಸಿಬಿಟ್ಟ ಮಹಾನುಭಾವರು ನಮ್ಮ ಭಾವ! ಅಂದರೆ ನನ್ನ ಹೆಂಡತಿಯ ಅಣ್ಣ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯುವುದು. ಡೊಂಬಿವಲಿಯ ಒಂದೇ ಸೊಸೈಟಿಯಲ್ಲಿ ಅವರು ಕೆಳಗೆ, ನಾನು ಮೂರನೇ ಮಾಳಿಗೆ.

ಮಗಳ ಬಾಣಂತನಕ್ಕೆಂದು ಭಾವ ಇಂಗ್ಲೆಂಡಿಗೆ ಹೋದರು. ಲಂಡನ್ ಅಲ್ಲ, ಒಂದು ಕುಗ್ರಾಮ! ಒಂದು ಚರ್ಚು, ಒಂದು ಅಂಗಡಿ, ಬಾತುಕೋಳಿಗಳ ಕೆರೆ, ಮನುಷ್ಯರಿಗಿಂತ ಹೆಚ್ಚು ಕುರಿ. ಮುಂಬ್ರಾದ ಒಂದು ಕಟ್ಟಡದವರು ಅಲ್ಲಿಗೆ ಹೋದರೆ ಊರೇ ಹೌಸ್‌ಫುಲ್! ಭಾವ ವಾಪಸು ಬಂದದ್ದು ಆ ಹಳ್ಳಿಯ ಗೌಡರಂತೆ.

"ಅಲ್ಲಿ ಎದುರು ಸಿಕ್ಕಿದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳ್ತಾರೆ ಭಾವ. ಪರಿಚಯ ಬೇಕಂತ ಇಲ್ಲ."

ಮರುದಿನವೇ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಶುರು! ಮೊದಲನೆಯವನು ಜೇಬು ಮುಟ್ಟಿ ನೋಡಿಕೊಂಡ. ಎರಡನೆಯವನು ಇನ್ಶೂರೆನ್ಸ್ ಏಜೆಂಟ್ ಇರಬೇಕು ಅಂತ ಓಡಿದ. ಮೂರನೆಯವನು "ಅಂಕಲ್, ಪೆಹಲೇ ಚಢೋ!" ಅಂತ ಟ್ರೇನಿನ ಡಬ್ಬಿಯೊಳಗೆ ನೂಕಿದ. ಬಾಯಲ್ಲಿದ್ದ 'ಗುಡ್' ಡೊಂಬಿವಲಿಯಲ್ಲಿ ಬಿತ್ತು, 'ಮಾರ್ನಿಂಗ್' ಟ್ರೇನು ಠಾಣೆ ಮುಟ್ಟಿದಾಗ!

ಆ ಹಳ್ಳಿಯಲ್ಲಿ ಮನೆಯೆದುರು ಮೊಟ್ಟೆ ಇಟ್ಟು ಪಕ್ಕದಲ್ಲೊಂದು ಡಬ್ಬಿ ಇಡುತ್ತಾರಂತೆ. ಬೇಕಾದವರು ಕಾಸು ಹಾಕಿ ಒಯ್ಯುತ್ತಾರಂತೆ, ಕಾಯುವವರಿಲ್ಲ. ಭಾವ ಗೇಟಿನಲ್ಲಿ ಸ್ಟೂಲಿನ ಮೇಲೆ ಕರಿಬೇವಿನ ಕಟ್ಟು ಮತ್ತು ಡಬ್ಬಿ ಇಟ್ಟರು. ಮಧ್ಯಾಹ್ನಕ್ಕೆ ಕರಿಬೇವಿಲ್ಲ. ಸಂಜೆಗೆ ಡಬ್ಬಿಯೂ ಇಲ್ಲ. ಸ್ಟೂಲು? ಕೇಳಬೇಡಿ!

ಇದನ್ನೆಲ್ಲ ತಮಾಷೆ ಮಾಡಲು ನಾನು ಗೇಟಿನಲ್ಲಿ ಇರಲಿಲ್ಲವಲ್ಲ ಅನ್ನುವುದೇ ದುಃಖ. ದಿನಾ ಸಂಜೆ ಅಲ್ಲಿ ನಿಂತು ಹರಟುತ್ತಿದ್ದವರು ನಾವು. ಮಂಡಿ ಕೈಕೊಟ್ಟ ಮೇಲೆ ನಾನು ಇಳಿಯುವುದನ್ನೇ ಬಿಟ್ಟಿದ್ದೆ. ನಿಲ್ಲಲು ಆಗದು, ಕೂರಲು ಜಾಗವಿಲ್ಲ.

ಆ ಭಾನುವಾರ ಭಾವನ ಫೋನು: "ಭಾವ, ಹೇಗಾದ್ರೂ ಮಾಡಿ ಒಮ್ಮೆ ಕೆಳಗೆ ಬನ್ನಿ!"

ಲಿಫ್ಟಿನಿಂದ ಕುಂಟುತ್ತಾ ಹೊರಬಂದೆ. ಪಕ್ಕದ ಮನೆಯ ಮರಾಠಿ ಕಾಕೂ ನನ್ನನ್ನು ಕಂಡವರೇ "ಅಗ ಬಾಯೀ!" ಎಂದು ಚೀರಿ ಹಾಲಿನ ಚೀಲ ಕೆಳಗೆ ಹಾಕಿದರು. ಗೇಟಿನ ಬಳಿ ಹೊಸ ಬೆಂಚು. ಅದಕ್ಕೆ ಯಾರೋ ಹಾಕಿದ ಗೊಂಡೆ ಹೂವಿನ ಹಾರ, ಊದುಬತ್ತಿ! ವಾಚ್‌ಮನ್ ಕೈಮುಗಿದು ನಿಂತಿದ್ದಾನೆ. ಹಿತ್ತಾಳೆಯ ಫಲಕದಲ್ಲಿ ಇಂಗ್ಲಿಷಿನಲ್ಲಿ ನನ್ನ ಹೆಸರು! ಕೆಳಗೆ: ಪ್ರೀತಿಯ ಸ್ಮರಣೆಯಲ್ಲಿ. ಈ ಜಾಗ ಇವರಿಗೆ ಬಹಳ ಇಷ್ಟವಾಗಿತ್ತು.

 ನಾಡಿ ಹಿಡಿದು ನೋಡಿಕೊಂಡೆ. ಇತ್ತು!

"ಭಾವ, ನಾನು ಸತ್ತದ್ದು ಯಾವಾಗ? ಉತ್ತರಕ್ರಿಯೆಯ ಬೊಜ್ಜದ ಊಟಕ್ಕಾದ್ರೂ ನನ್ನನ್ನು ಕರೀತೀರಾ?"

"ಛೆ! ಎಂತ ಮಾತು! ಆ ಹಳ್ಳಿಯಲ್ಲಿ ಎಲ್ಲಾ ಬೆಂಚಿಗೂ ಹೀಗೇ ಹೆಸರು, ಇದೇ ಸಾಲು ಉಂಟು. ನಮ್ಮ ದೇವಸ್ಥಾನದ ಫ್ಯಾನಿಗೂ ಹೆಸರು ಇಲ್ವಾ? ಫ್ಯಾನಿನಲ್ಲಿ ಹೆಸರಿದ್ದವರೆಲ್ಲ ಸತ್ತಿದ್ದಾರಾ?"

"ಮಾರಾಯ್ರೆ, ಆ ಬೆಂಚಿನವರೆಲ್ಲ ಸತ್ತಿದ್ದಾರೆ! ಸತ್ತವರ ನೆನಪಿಗೇ ಅಲ್ಲಿ ಬೆಂಚು ಹಾಕೂದು!"

ಭಾವನ ಮುಖ ಬಿಳುಚಿತು. 

"ಹಾಗಾದ್ರೆ ಹೆಸರಿದ್ದವರು ಅದರಲ್ಲಿ ಕೂತೇ ಇಲ್ವಾ?" ಅಂದರು ಮೆಲ್ಲಗೆ. "ನಾನು ನೀವು ಕೂತುಕೊಳ್ಳಲಿಕ್ಕೆ ಅಂತ ಮಾಡಿಸಿದ್ದು. ನೀವು ಕೆಳಗೆ ಬರೂದಿಲ್ಲ, ನನ್ನನ್ನು ತಮಾಷೆ ಮಾಡುವವರು ಯಾರೂ ಇಲ್ಲ ಭಾವ. ನಾಳೆಯೇ ಆ ಫಲಕ ತೆಗೆಸ್ತೇನೆ."

"ಮುಟ್ಟಿದ್ರೆ ನೋಡಿ!"

ಹಾರ ತೆಗೆದು ನನ್ನ ಕೊರಳಿಗೇ ಹಾಕಿಕೊಂಡು ಕೂತೆ. ಸ್ವಲ್ಪ ಸರಿದು ಪಕ್ಕದಲ್ಲಿ ತಟ್ಟಿದೆ. ಭಾವ ಬಂದರು. ಇಡೀ ಬೆಂಚು ಖಾಲಿ ಇತ್ತು. ಲೋಕಲ್ ಟ್ರೇನಿನ ಅಭ್ಯಾಸ ನೋಡಿ, ನಾವಿಬ್ಬರೂ ಭುಜಕ್ಕೆ ಭುಜ ಒತ್ತಿಕೊಂಡೇ ಕೂತೆವು.