ಚೀಲ ಮಾತ್ರ ಟೈಮಿಗೆ ಸರಿಯಾಗಿ ಹೋಯಿತು

"ನಾಳೆ ನಿನ್ನನ್ನ ನಾನೇ ರೈಲು ಹತ್ತಿಸ್ತೀನಿ. ಮೂವತ್ನಾಲ್ಕು ವರ್ಷ ಗಾಡಿ ಹೊರಡಿಸಿದ ಕೈ ಇದು. ನೀನು ಮಹಾರಾಣಿ ಥರ ಬಂದು ಕೂತ್ಕೊ, ಸಾಕು."

ಗಾರ್ಡ್ ಸಾಹೇಬರು ಹೀಗೆ ಘೋಷಿಸಿದಾಗಲೇ ಅವರ ಹೆಂಡತಿ ಎಚ್ಚೆತ್ತುಕೊಳ್ಳಬೇಕಿತ್ತು. ಅಕ್ಕಪಕ್ಕದವರೆಲ್ಲ ಆಕೆಯನ್ನು ಗಾರ್ಡಮ್ಮ ಎನ್ನುತ್ತಿದ್ದರು. ತಾಳ್ಮೆಯಲ್ಲಿ ಭೂಮಿತಾಯಿಗೆ ಅಕ್ಕ.

ಸಾಹೇಬರು ನಿವೃತ್ತರಾಗಿ ಮೂರು ವರ್ಷ. ಕೆಲಸ ಅವರನ್ನು ಬಿಟ್ಟಿತ್ತು, ಅವರು ಕೆಲಸವನ್ನು ಬಿಟ್ಟಿರಲಿಲ್ಲ. ಹಜಾರದ ಮೊಳೆಗೆ ಒಂದು ಕೆಂಪು ಬಾವುಟ, ಒಂದು ಹಸಿರು. ಬಚ್ಚಲಿಗೆ ಯಾರಾದರೂ ಹೋದರೆ ಬಾಗಿಲಿಗೆ ಕೆಂಪು, ಹೊರಗೆ ಬಂದರೆ ಹಸಿರು. ಒಂದು ದಿನ ಗಾರ್ಡಮ್ಮ ತಲೆ ಒರೆಸಿಕೊಳ್ಳುತ್ತಾ ಬಾವುಟ ಬದಲಿಸುವುದನ್ನು ಮರೆತಳು. ಸಾಹೇಬರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಖಾಲಿ ಬಚ್ಚಲಿನ ಮುಂದೆ ಮುಕ್ಕಾಲು ಗಂಟೆ ನಿಂತಿದ್ದರು.

"ಒಳಗೆ ಯಾರೂ ಇಲ್ಲ ಅಂತ ಕಾಣ್ಸಲ್ವೇನ್ರಿ?"

"ಕಾಣ್ಸೋದು ಬೇರೆ. ಸಿಗ್ನಲ್ಲು ಬೇರೆ."

ಈಗ ಆಕೆ ಹೊರಟಿದ್ದು ಅಕ್ಕನ ಊರಿಗೆ. ಅಕ್ಕನಿಗೆ ಇವಳು ತಲುಪಿದ ಮಾರನೆಯ ಬೆಳಿಗ್ಗೆ ಕಣ್ಣಿನ ಆಪರೇಷನ್, ಜೊತೆಗೆ ಬೇರೆ ಯಾರೂ ದಿಕ್ಕಿಲ್ಲ. "ನೀನು ಪಕ್ಕದಲ್ಲಿದ್ರೆ ಮಲಗ್ತೀನಿ. ಇಲ್ಲಾಂದ್ರೆ ಎದ್ದು ಮನೆಗೆ ಬಂದ್ಬಿಡ್ತೀನಿ ನೋಡು," ಎಂದು ಫೋನಿನಲ್ಲಿ ಹೆದರಿಸಿದ್ದಳು. ಆ ಕಡೆಗೆ ದಿನಕ್ಕೆ ಒಂದೇ ಗಾಡಿ, ಹತ್ತು ಇಪ್ಪತ್ತಕ್ಕೆ.

ಬೆಳಿಗ್ಗೆ ಸಾಹೇಬರು ಹೆಂಡತಿಯ ಚೀಲಕ್ಕೆ ಅಕ್ಕನ ವಿಳಾಸ ಬರೆದ ರಟ್ಟಿನ ಚೀಟಿ ಕಟ್ಟಿದರು. ಬಿಟ್ಟಿದ್ದರೆ ಹೆಂಡತಿಯ ಕೊರಳಿಗೂ ಒಂದು ಕಟ್ಟುತ್ತಿದ್ದರೇನೋ. ಒಂಬತ್ತೂಮುಕ್ಕಾಲಿಗೆ ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಕಟ್ಟಕಡೆಯ ಡಬ್ಬಿಯಲ್ಲಿ ಸೀಟು. ಚೀಲ ಒಳಗಿಟ್ಟರು.

"ಇನ್ನೂ ಅರ್ಧ ಗಂಟೆಗೂ ಹೆಚ್ಚು ಟೈಮಿದೆ. ಬಾ, ಹೊಸ ಇಂಜಿನ್ ತೋರಿಸ್ತೀನಿ."

"ನನಗ್ಯಾಕ್ರೀ ಇಂಜಿನ್ನು? ಮಂಡಿನೋವು."

"ಇಂಜಿನ್ ನೋಡದೆ ರೈಲು ಹತ್ತೋದು ಅಂದ್ರೆ ಗಂಡಿನ ಮುಖ ನೋಡದೆ ತಾಳಿ ಕಟ್ಟಿಸ್ಕೊಂಡ ಹಾಗೆ."

"ಮುಖ ನೋಡೇ ಕಟ್ಟಿಸ್ಕೊಂಡೆ. ಏನು ಸಿಕ್ತು?"

ಆದರೂ ಹೋದಳು. ಹದಿನೆಂಟು ಡಬ್ಬಿ ದಾಟಿ ಹೋದಳು. ಅಲ್ಲಿ ಇಂಜಿನ್ನಿನ ವರ್ಣನೆ, ಡ್ರೈವರನ ಕುಶಲ, ಬ್ರೇಕಿನ ಪುರಾಣ. ವಾಪಸು ಬರುವಾಗ ಅರ್ಧ ದಾರಿಗೇ ಮಂಡಿ ಮುಷ್ಕರ ಹೂಡಿತು.

"ಇಲ್ಲೇ ಈ ಡಬ್ಬಿ ಹತ್ಕೊಂಬಿಡ್ತೀನಿ ಕಣ್ರೀ."

"ಟಿಕೆಟ್‌ನಲ್ಲಿರೋ ಡಬ್ಬಿನೇ ಹತ್ಬೇಕು. ರೂಲು ರೂಲೇ," ಎಂದು ಸಾಹೇಬರು ಸರಸರ ಮುಂದೆ ನಡೆದರು.

ಗಾಡಿಯ ಕೊನೆಯಲ್ಲಿ ಅವರ ಕೈಕೆಳಗೆ ಕಲಿತ ಗಾರ್ಡು ಬಾಗಿಲಲ್ಲಿ ನಿಂತಿದ್ದ. ಹಳೆಯ ಗುರುಗಳನ್ನು ಕಂಡದ್ದೇ ಮುಖ ಅರಳಿ, "ಎಲ್ಲಾ ಸರಿನಾ ಸಾರ್?" ಎಂದು ಕೇಳಿದ. ಸಾಹೇಬರು ಗಡಿಯಾರ ನೋಡಿದರು. ಹತ್ತು ಇಪ್ಪತ್ತು. ಬೆನ್ನು ನೆಟ್ಟಗಾಯಿತು, ಬಲಗೈ ತಾನಾಗಿ ಮೇಲೆದ್ದಿತು.

"ರೈಟ್."

ಹಸಿರು ಬಾವುಟ ಆಡಿತು, ಗಾಡಿ ಹೊರಟಿತು. ತನ್ನ ಡಬ್ಬಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಗಾರ್ಡಮ್ಮ ನಿಂತಳು. ಕಿಟಕಿಯಲ್ಲಿ ಅವಳ ಚೀಲ ಅವಳನ್ನು ನೋಡುತ್ತಾ ಹೋಯಿತು.

ಸಾಹೇಬರು ಕೊನೆಯ ಡಬ್ಬಿ ಮರೆಯಾಗುವವರೆಗೂ ಅಲುಗಾಡಲಿಲ್ಲ. "ಒಂದು ಸೆಕೆಂಡ್ ತಡ ಇಲ್ಲ," ಎಂದು ತೃಪ್ತಿಯಿಂದ ತಿರುಗಿದರು. ಹೆಂಡತಿಯನ್ನು ಕಂಡರು.

"ನೀನ್ಯಾಕೆ ಇಲ್ಲಿದ್ದೀಯ?"

ಗಾರ್ಡಮ್ಮನ ಕೋಪ ಮೂಗಿನ ತುದಿಯ ಕೋಪವಲ್ಲ. ಮೊದಲ ಹೆರಿಗೆಯ ದಿನ ಈ ಮನುಷ್ಯ ಗೂಡ್ಸ್ ಗಾಡಿಯ ಜೊತೆ ಹೋಗಿದ್ದರು. ಮಗಳು ಹುಟ್ಟಿದ ಸುದ್ದಿ ಮೂರನೆಯ ಸ್ಟೇಷನ್ನಿನಲ್ಲಿ ತಿಳಿಯಿತಂತೆ. ಆಗಲೂ ಆಕೆ ತುಟಿ ಬಿಚ್ಚಿರಲಿಲ್ಲ. ಈಗ ಬಿಚ್ಚಿದಳು.

"ನಾನು ಹತ್ತೋವರೆಗೂ ಗಾಡಿ ನಿಂತಿದ್ರೆ ಏನಾಗ್ತಿತ್ತು?"

"ಒಂದು ನಿಮಿಷ ತಡ ಆಗ್ತಿತ್ತಲ್ಲೇ."

"ನಿಮ್ಮ ಗಾಡಿಗೆ ಒಂದು ನಿಮಿಷ. ನಮ್ಮಕ್ಕನ ಕಣ್ಣಿಗೆ?"

ಸಾಹೇಬರು ಮತ್ತೆ ಗಡಿಯಾರ ನೋಡಿಕೊಂಡರು. "ಚೀಲ ಇಳಿಸೋಕೆ ಫೋನ್ ಮಾಡ್ಸಿ ಬರ್ತೀನಿ," ಎಂದು ಗೊಣಗಿ ಸ್ಟೇಷನ್ ಮಾಸ್ಟರರ ಕೋಣೆಗೆ ನುಸುಳಿದರು.

ಗಾರ್ಡಮ್ಮ ಕಾಯಲಿಲ್ಲ. ಒಬ್ಬಳೇ ಮನೆಗೆ ಬಂದು ಬಟ್ಟೆಯ ಕೈಚೀಲಕ್ಕೆ ಎರಡು ಸೀರೆ ತುರುಕಿದಳು. ಗಂಡನಿಗೆಂದು ಬೆಳಿಗ್ಗೆಯೇ ಮಾಡಿಟ್ಟ ಅಡುಗೆಯ ಮೇಲೆ ತಟ್ಟೆ ಮುಚ್ಚಿದಳು. ಹಜಾರದ ಮೊಳೆಯ ಹತ್ತಿರ ಒಂದು ಗಳಿಗೆ ನಿಂತಳು. ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆದಳು.

ಚಕ್ರದ ಮೇಲಿನ ಸೀಟಿನಲ್ಲಿ ಆರು ಗಂಟೆ ಕುಲುಕಾಡಿ, ಸೊಂಟ ಎರಡು ತುಂಡಾಗಿ, ಸಂಜೆ ಅಕ್ಕನ ಮನೆ ಮುಟ್ಟಿದಾಗ ಬಾಗಿಲಲ್ಲೇ ಅವಳ ಚೀಲ ಕೂತಿತ್ತು.

"ನಿನಗಿಂತ ನಿನ್ನ ಚೀಲಕ್ಕೇ ಮರ್ಯಾದೆ ಹೆಚ್ಚು ಕಣೆ, ಹೇಳಿದ ಹೊತ್ತಿಗೆ ಬಂತು," ಎಂದಳು ಅಕ್ಕ. "ಆ ರೈಲಿನ ಗಾರ್ಡು ಡ್ಯೂಟಿ ಮುಗಿಸಿ, ಚೀಟಿಲಿದ್ದ ವಿಳಾಸ ನೋಡ್ಕೊಂಡು ಯೂನಿಫಾರಂನಲ್ಲೇ ಹೊತ್ಕೊಂಡು ಬಂದ, ಪಾಪ. ನೀರೂ ಕುಡೀಲಿಲ್ಲ. 'ಚೀಲ ಇಳಿಸಿ ಅಂತಷ್ಟೇ ಫೋನ್ ಬಂತು. ಅಮ್ಮಾವ್ರು ಯಾವ ಸ್ಟೇಷನ್ನಲ್ಲಿ ಇಳಿದುಹೋದ್ರು?' ಅಂತ ನನ್ನನ್ನೇ ಕೇಳ್ತಾನೆ."

ಅಕ್ಕ ನಕ್ಕಳು. ತಂಗಿ ನಗಲಿಲ್ಲ. ಅಷ್ಟರಲ್ಲಿ ಫೋನು ಬಂತು.

"ತಲುಪಿದ್ಯಾ?" ಸಾಹೇಬರ ದನಿ ಸೋತಿತ್ತು.

"ಹೂಂ. ಊಟ ಆಯ್ತಾ?"

"ಇಲ್ಲ."

"ಎಲ್ಲಾ ಮಾಡಿ ಮುಚ್ಚಿಟ್ಟಿದ್ದೀನಲ್ಲ."

"ಅಡುಗೆಮನೆ ಬಾಗಿಲಿಗೆ ಕೆಂಪು ಕಟ್ಟಿದೆ."

"ನಾನೇ ಕಟ್ಟಿದ್ದು."

"ಮಧ್ಯಾಹ್ನದಿಂದ ಮನೆಯೆಲ್ಲಾ ಹುಡುಕಿದೆ ಕಣೆ. ಹಸಿರು ಸಿಗ್ತಿಲ್ಲ."

ಗಾರ್ಡಮ್ಮ ತೊಡೆಯ ಮೇಲಿನ ಕೈಚೀಲ ನೋಡಿದಳು. ಸೀರೆಗಳ ಸಂದಿಯಿಂದ ಹಸಿರು ಬಟ್ಟೆಯ ತುದಿ ಇಣುಕುತ್ತಿತ್ತು. ಅದನ್ನು ಒಳಕ್ಕೆ ತಳ್ಳಿದಳು.

"ನನ್ನ ಹತ್ರ ಇದೆ. ನಾಲ್ಕು ದಿನ ಬಿಟ್ಟು ತರ್ತೀನಿ, ಗಾಡಿ ಟೈಮಿಗೆ ಸರಿಯಾಗಿ ಬಂದ್ರೆ."