ಜಾಲರಿ ಬೀರುವಿನೊಳಗೆ ಗಂಗೆ ಪೂಜೆ

ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ವಿದ್ಯೆಯಲ್ಲಿ ಹೊಸಪೇಟೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ತಿಳಿದಿದ್ದೆ. ತಿಳಿಯಲು ಕಾರಣವೂ ಇತ್ತು. ಯಶವಂತನಗರದ ಕಡೆಯ ಒಂದು ಗಣಿಯಲ್ಲಿ ನಿವೃತ್ತಿಯ ದಿನದವರೆಗೂ ನಾನು ಪಂಪ್‌ಹೌಸಿನ ಫೋರ್‌ಮನ್. ಗಣಿಯ ಗುಂಡಿಯಲ್ಲಿ ನಿಂತ ಕೆಂಪು ನೀರನ್ನು ಗುಡ್ಡ ಹತ್ತಿಸಿ ಆಚೆ ಇಳಿಸಿದವನು. ನನ್ನ ಪಂಪ್‌ಹೌಸಿಗೆ ಬರುವವರು ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ತೋರಿಸಬೇಕಿತ್ತು. ಕೈಯಲ್ಲಿ ಗ್ರೀಸ್ ಕಂಡರೆ, ತೊಳೆದು ಬಾ. ಉಂಗುರ ಕಂಡರೆ, ತೆಗೆದು ಬಾ. ಶಿಸ್ತು ಎಂದರೆ ಶಿಸ್ತು!

ನಿವೃತ್ತಿಯಾದ ಮೇಲೆ ಆ ಶಿಸ್ತನ್ನು ಜೊತೆಗೇ ಮನೆಗೆ ತಂದೆ. ತಿಂಗಳ ಮೊದಲ ದಿನ ಇನ್ವರ್ಟರ್ ಬ್ಯಾಟರಿಗೆ ನೀರು. ಮರುದಿನ ಗ್ಯಾಸ್ ಪೈಪಿನ ತಪಾಸಣೆ. ಚಪ್ಪಲಿಗಳು ಬಾಗಿಲ ಪಕ್ಕ ಒಂದೇ ಗೆರೆಯಲ್ಲಿ. ನನ್ನ ಹೆಂಡತಿ ಶಾಂತಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ: "ಸೈರನ್ ಒಂದು ಕೂಗಂಗಿಲ್ಲ ನೋಡ್ರಿ. ಉಳಿದಿದ್ದೆಲ್ಲಾ ಗಣೀನ!"

ಇಂಥ ಮನೆಗೆ ಸೊಸೆಯಾಗಿ ಬಂದವಳು ಅನ್ನಪೂರ್ಣ. ಮಗ ವಡ್ಡು ಎಂಬ ಊರಿನ ಕಡೆಯ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಶಿಫ್ಟು ಮಾಡಿಕೊಂಡಿದ್ದರೆ, ಸೊಸೆ ನಡುಮನೆಯ ಪಕ್ಕದ ಕೋಣೆಯಲ್ಲಿ ಕುಳಿತು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಅವಳ ಕೆಲಸ ನೋಡುವುದೇ ಒಂದು ಭಾಗ್ಯ. ಮೂರು ಕ್ಯಾಮೆರಾಗಳು ದಿನವಿಡೀ ನುಂಗಿದ್ದನ್ನೆಲ್ಲ ಜರಡಿ ಹಿಡಿದು, ಅಕ್ಷತೆ ಬೀಳುವ ಗಳಿಗೆಯಲ್ಲಿ ಹುಡುಗಿಯ ಸೋದರಮಾವ ಮೂಲೆಯಲ್ಲಿ ಕಣ್ಣೊರೆಸಿಕೊಂಡದ್ದನ್ನು ಹುಡುಕಿ ತೆಗೆಯುತ್ತಾಳೆ. ನಾನು ಸ್ವತಃ ಹೋಗಿ ಉಂಡು ಬಂದ ಮದುವೆಗಳು ಇಷ್ಟು ಚೆನ್ನಾಗಿದ್ದವೆಂದು ಅವಳ ವಿಡಿಯೋ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು.

ತೊಂದರೆ ಅವಳ ಕಂಪ್ಯೂಟರಿನದು. ತುಣುಕುಗಳನ್ನೆಲ್ಲ ಕೊನೆಗೆ ಬೇಯಿಸಿ ಒಂದೇ ಚಿತ್ರ ಮಾಡುವ ಹೊತ್ತಿಗೆ ಅದರ ತಲೆ ಕಾಯುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ಕಾಯದ ತಲೆ ಯಾವುದು? ಒಂದು ವರ್ಷ ಮೇ ತಿಂಗಳಲ್ಲಿ ಅದು ಒಮ್ಮೆ ಕಾದದ್ದು ಮತ್ತೆ ಏಳಲೇ ಇಲ್ಲ. ಅದೇ ಹೊತ್ತಿಗೆ ಅವಳಿಗೆ ಅದುವರೆಗಿನ ಅತಿ ದೊಡ್ಡ ಕೆಲಸ ಬಂದಿತ್ತು: ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರಾದ ವೀರಭದ್ರಪ್ಪನವರ ಮಗಳ ಮದುವೆ ಚಿತ್ರ. ಸಂಡೂರಿನ ಬೀಗರ ಮನೆಯ ಬೀಗರೂಟದಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ನಿಶ್ಚಯವಾಗಿತ್ತು. ಕೊಟ್ಟರೆ ಕಂಪ್ಲಿ, ಸಂಡೂರು ಎರಡೂ ಕಡೆ ಹೆಸರು. ಕೊಡದಿದ್ದರೂ ಎರಡೂ ಕಡೆ ಹೆಸರೇ!

"ಈಗ ನೀರು ಹರಿದು ತಂಪು ಮಾಡೋ ಕಂಪ್ಯೂಟರ್ ಬಂದಾವ ಮಾವಾರ," ಎಂದಳು ಅನ್ನಪೂರ್ಣ. "ಅದಾದ್ರ ಎಷ್ಟು ಬಿಸಿಲಿದ್ರೂ ತಡಕೊಂತೈತಿ."

ನೀರು! ಓದುತ್ತಿದ್ದ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟೆ.

"ನೀರೇನವ್ವಾ? ಹಂಗಂದ್ರ ಅದು ನನ್ನ ಕೆಲಸ."

"ರೆಡಿಮೇಡ್ ಸಿಗ್ತಾವ ಮಾವಾರ..."

"ರೆಡಿಮೇಡ್ ಅಂಗಿನ ನಾನು ಹಾಕ್ಕೊಳ್ಳಂಗಿಲ್ಲ. ಲೈನ್ ನಾನೇ ಎಳೀತೀನಿ."

ಅನ್ನಪೂರ್ಣ ನನ್ನ ಮುಖವನ್ನೊಮ್ಮೆ ನೋಡಿದಳು. ತಡೆದು ಪ್ರಯೋಜನವಿಲ್ಲವೆಂದು ಅರಿತು ಬೇಕಾದ ಸಾಮಾನನ್ನೆಲ್ಲ ತರಿಸಿದಳು.

ಪೆಟ್ಟಿಗೆಯನ್ನು ಮಾತ್ರ ತರಿಸಗೊಡಲಿಲ್ಲ. ಸುತ್ತ ಗಾಳಿಯಾಡುವ ಪೆಟ್ಟಿಗೆ ಬೇಕೆಂದಾಗ ನನ್ನ ಕಣ್ಣು ನೇರವಾಗಿ ಅಡುಗೆಮನೆಗೆ ಹೋಯಿತು. ಅಲ್ಲಿ ಶಾಂತಮ್ಮ ತವರಿನಿಂದ ತಂದ ಜಾಲರಿ ಬೀರು ಇತ್ತು. ಹಿಂದೆ ಹಾಲು, ಬೆಣ್ಣೆ ಬೆಕ್ಕಿಗೆ ಸಿಗದಂತೆ ಇಡುತ್ತಿದ್ದ ಚಿಕ್ಕ ಮರದ ಬೀರು. ಮೂರು ಬದಿಗೆ ತಂತಿ ಜಾಲರಿ. ಗಾಳಿ ಹೋಗಬಹುದು, ಇಲಿ ಹೋಗಲಾರದು. ಕಂಪ್ಯೂಟರಿಗೆಂದೇ ಮಾಡಿಟ್ಟಂತಿತ್ತು!

"ಕೊಡ್ತೀನಿ," ಎಂದಳು ಶಾಂತಮ್ಮ, ಸ್ವಲ್ಪ ಯೋಚಿಸಿ. "ಅನ್ನಪೂರ್ಣನ ಕೆಲಸಕ್ಕಂತ ಕೊಡ್ತೀನಿ, ನಿಮ್ಮ ಗರಗಸಕ್ಕಂತ ಅಲ್ಲ. ಬಾಗ್ಲಾ ಮುಟ್ಟಂಗಿಲ್ಲ."

ಬಾಗಿಲು ಮುಟ್ಟಲಿಲ್ಲ. ನಡುವಿನ ಹಲಗೆ ತೆಗೆದೆ, ಹಿಂಬದಿಗೆ ತೂತು ಕೊರೆದೆ, ಮೇಲ್ಗಡೆ ರೇಡಿಯೇಟರ್ ಕೂರಿಸಲು ಚೌಕ ಕತ್ತರಿಸಿದೆ. ಚೌಕ ಸ್ವಲ್ಪ ದೊಡ್ಡದಾಯಿತು. ರೇಡಿಯೇಟರ್ ಅದರೊಳಗಿಂದ ನೇರವಾಗಿ ಕೆಳಗಿಳಿದು ನನ್ನ ಹೆಬ್ಬೆರಳಿನ ಮೇಲೆ ಕೂತಿತು. ಹೆಬ್ಬೆರಳು ಮೆತ್ತಗಿದ್ದುದರಿಂದ ರೇಡಿಯೇಟರಿಗೆ ಏನೂ ಆಗಲಿಲ್ಲ.

ಆಮೇಲೆ ಪಂಪು ಬಂತು. ಡಬ್ಬಿ ಬಿಚ್ಚಿ ನೋಡುತ್ತೇನೆ, ಬೇಸನ್ ಉಂಡೆಯಷ್ಟಿದೆ!

"ಇದು ಪಂಪೇನವ್ವಾ?"

"ಹೌದ್ರಿ ಮಾವಾರ."

"ಇದನ್ನ ಪಂಪ್ ಅಂದ್ರ ನಾನು ಓಡಿಸಿದ್ದಕ್ಕ ಏನನ್ಬೇಕು? ಹಿತ್ತಲಾಗ ಅರ್ಧ ಎಚ್‌ಪಿ ಮೋಟಾರ್ ಐತಿ, ಅದನ್ನ..."

"ಅದನ್ನ ಹಚ್ಚಿದ್ರ ಕಂಪ್ಯೂಟರ್ ತಂಪಾಗಂಗಿಲ್ಲ ಮಾವಾರ, ಓಣಿ ದಾಟಿ ಹೋಗ್ತೈತಿ."

ಮುಂದಿನದು ಪೈಪು ಬಗ್ಗಿಸುವ ಕೆಲಸ. ಗಾಜಿನಂಥ ಗಟ್ಟಿ ಪೈಪು, ಕಾಸಿ ಬಗ್ಗಿಸಬೇಕು. ಗಣಿಯಲ್ಲಿ ನಾನು ಬಗ್ಗಿಸಿದ ಪೈಪುಗಳ ಲೆಕ್ಕವಿಲ್ಲ. ಆ ಅಭ್ಯಾಸಬಲದಿಂದ ಗ್ಯಾಸ್ ಒಲೆಯ ಮೇಲೆ ಹಿಡಿದೆ. ಪೈಪು ಒಮ್ಮೆ ನಿಟ್ಟುಸಿರು ಬಿಟ್ಟು ಜಿಲೇಬಿಯಾಯಿತು. ಎರಡನೆಯದು ಜಹಾಂಗೀರಾಯಿತು. ಶಾಂತಮ್ಮ ಇಣುಕಿ ನೋಡಿ, "ಪಾಕ ಮಾಡ್ಲೇನ್ರಿ?" ಎಂದಳು.

ಅನ್ನಪೂರ್ಣ ಬಿಸಿಗಾಳಿ ಊದುವ ಗನ್ ಹಿಡಿದು ಕುಳಿತಳು. ಪೈಪಿನೊಳಗೆ ರಬ್ಬರಿನ ಹುರಿ ತೂರಿಸಿ, ಹಪ್ಪಳ ಸುಡುವ ಹಾಗೆ ನಿಧಾನವಾಗಿ ತಿರುಗಿಸುತ್ತ ಕಾಸಿ, ಮೇಜಿನ ಮೂಲೆಗೆ ಒತ್ತಿ ಹಿಡಿದಳು. ಕಾಟಕೋನ, ಅಂದರೆ ಪಕ್ಕಾ ಲಂಬಕೋನ! ನನ್ನ ಮೂಲೆಮಟ್ಟ ಇಟ್ಟು ನೋಡಿದೆ, ಕೂದಲೆಳೆ ವ್ಯತ್ಯಾಸವಿಲ್ಲ. ನನ್ನ ಸರ್ವಿಸಿನಲ್ಲಿ ಅಂಥ ಕೈ ಇದ್ದವನು ಒಬ್ಬ ಸಿಕ್ಕಿದ್ದರೂ ನಾನು ಅಷ್ಟು ಕಿರುಚಾಡುವ ಅಗತ್ಯವಿರಲಿಲ್ಲ.

ಸೋರಿಕೆ ಪರೀಕ್ಷೆ ಮಾತ್ರ ಸಂಪೂರ್ಣ ನನ್ನದು. ಕಂಪ್ಯೂಟರಿಗೆ ಕರೆಂಟ್ ಕೊಡದೆ, ಪಂಪನ್ನಷ್ಟೇ ಓಡಿಸಿ, ಪ್ರತಿ ಜೋಡಣೆಯ ಕೆಳಗೂ ಪತ್ರಿಕೆಯ ಚೂರು ಹಾಸಿ, ಮುಂದೆ ಕುರ್ಚಿ ಹಾಕಿಕೊಂಡು ಒಂದು ಪೂರ್ತಿ ಶಿಫ್ಟು ಕಾದೆ. ಒಂದು ಹನಿ ಬೀಳಲಿಲ್ಲ! ಸ್ಫಟಿಕದಂಥ ನೀರು ಪುಟ್ಟ ಟ್ಯಾಂಕಿನಿಂದ ಹೊರಟು, ಕಂಪ್ಯೂಟರಿನ ಮೆದುಳಿನ ಮೇಲೆ ಕೂತ ತಾಮ್ರದ ಬಿಲ್ಲೆಯೊಳಗೆ ಹೊಕ್ಕು, ಬಿಸಿ ಹೊತ್ತು ಮೇಲೇರಿ, ರೇಡಿಯೇಟರಿನಲ್ಲಿ ತಂಪಾಗಿ ಮತ್ತೆ ಕೆಳಗಿಳಿಯುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಜಾಲರಿಯ ಹಿಂದೆ ನೀಲಿ ದೀಪ ಹತ್ತಿದಾಗ ಶಾಂತಮ್ಮನ ಆ ಹಳೆಯ ಬೀರು ಅರಮನೆಯಂತೆ ಕಂಡಿತು. ಬೇಸನ್ ಉಂಡೆಯಂಥ ಪಂಪಿಗೆ ನಾನು ಮನಸ್ಸಿನಲ್ಲೇ ಸೆಲ್ಯೂಟ್ ಹೊಡೆದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಬೀಗರೂಟದ ಹಿಂದಿನ ದಿನ. ಸಂಜೆ ವೀರಭದ್ರಪ್ಪನವರು ಬಂದು ಚಿತ್ರ ಒಯ್ಯುವವರಿದ್ದರು. ಬೆಳಿಗ್ಗೆ ಅನ್ನಪೂರ್ಣ ಕೊನೆಯ ಬೇಯಿಸುವಿಕೆಗೆ ಎಲ್ಲ ಸಿದ್ಧಮಾಡಿ, ಸ್ನಾನಕ್ಕೆ ಹೋದಳು. ನಾನು ಬೀರುವಿನ ಮುಂದೆ ನಿಂತೆ. ಆಗ ನನಗೆ ಒಂದು ಮಹಾ ಲೋಪ ಹೊಳೆಯಿತು. ಗಂಗೆ ಪೂಜೆ ಆಗಿಲ್ಲ!

ಮೊದಲ ನೀರಿಗೆ ಅರಿಶಿನ, ಕುಂಕುಮ, ಹೂವು ಅರ್ಪಿಸದೆ ನಾನು ನನ್ನ ಜೀವಮಾನದಲ್ಲಿ ಒಂದು ಪಂಪನ್ನೂ ಕೆಲಸಕ್ಕೆ ಇಳಿಸಿದವನಲ್ಲ. ಗಣಿಯ ದೊಡ್ಡ ಸಾಹೇಬರೂ ನನ್ನ ಪೂಜೆ ಮುಗಿಯುವವರೆಗೆ ಬೂಟು ಬಿಚ್ಚಿ ನಿಲ್ಲುತ್ತಿದ್ದರು. ಪೂಜೆಯ ತಟ್ಟೆ ಕೇಳಲು ಅಡುಗೆಮನೆಗೆ ಹೋದೆ.

"ಹೊರಗಿಂದ ಒಂದ್ ಕುಂಕುಮದ ಬೊಟ್ಟು ಇಟ್ಟು ಬಿಡ್ರಿ ಸಾಕು," ಎಂದಳು ಶಾಂತಮ್ಮ. "ಅದು ಭಾಳ ನಾಜೂಕಿಂದು."

"ಪದ್ಧತಿ ಅಂದ್ರ ಪದ್ಧತಿ. ಬೊಟ್ಟು ಬೀರುವಿಗೆ ಆತು, ಗಂಗಮ್ಮಗ ಏನು ಆತು?"

ಅಷ್ಟು ಹೇಳಿ ತಟ್ಟೆ ಹಿಡಿದು ಬಂದೆ. ಪುಟ್ಟ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದೆ. ಒಂದು ಚಿಟಿಕೆ ಅರಿಶಿನ. ಒಂದು ಚಿಟಿಕೆ ಕುಂಕುಮ. ಟ್ಯಾಂಕು ಚಿಕ್ಕದಿದ್ದುದರಿಂದ ಇಡೀ ಹೂವಿನ ಬದಲು ಚೆಂಡುಹೂವಿನ ಎಸಳು ಕೆಲವೇ ಕೆಲವು. ಅಷ್ಟು ವಿವೇಚನೆ ನನಗಿತ್ತು! ಮುಚ್ಚಳ ಹಾಕಿ ಕೈಮುಗಿದೆ.

ನೀರು ನಿಧಾನವಾಗಿ ಹೊನ್ನಿನ ಬಣ್ಣಕ್ಕೆ ತಿರುಗಿತು. ಪೈಪಿನ ಪ್ರತಿ ಕಾಟಕೋನದಲ್ಲೂ ಚಿನ್ನ ಹರಿಯುತ್ತಿದೆ! ಸ್ನಾನ ಮುಗಿಸಿ ಬಂದ ಅನ್ನಪೂರ್ಣ ಬಾಗಿಲಲ್ಲೇ ನಿಂತಳು.

"ಮಾವಾರ, ನೀರು ಯಾಕ ಹಳದಿ ಆಗೈತಿ?"

"ಪೂಜಿ ಮಾಡೀನವ್ವಾ. ಇನ್ನು ಇದಕ್ಕ ಯಾವ ತೊಂದ್ರೀನೂ ಇಲ್ಲ. ಸ್ಟಾರ್ಟ್ ಮಾಡು."

ಅವಳು ಗಡಿಯಾರ ನೋಡಿದಳು. ನೀರು ಬದಲಿಸುತ್ತ ಕೂತರೆ ಸಂಜೆಯೊಳಗೆ ಚಿತ್ರ ಆಗುವುದಿಲ್ಲ. ದೇವರ ಮೇಲೆ ಭಾರ ಹಾಕಿ ಗುಂಡಿ ಒತ್ತಿದಳು.

ಚಿತ್ರ ಬೇಯಲು ಶುರುವಾಯಿತು. ಕಾಲು ಭಾಗ, ಅರ್ಧ ಭಾಗ. ನಾನು ಮೀಸೆ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಶಾಖ ತೋರಿಸುವ ಅಂಕಿ ಏರತೊಡಗಿತು. ಹಸಿರಿದ್ದದ್ದು ಕೆಂಪಾಯಿತು. ಬೇಸನ್ ಉಂಡೆ ಗರಗರ ಎಂದಿತು. ಬೀರುವಿನ ನೀಲಿ ದೀಪ ಆರಿತು. ಕಂಪ್ಯೂಟರು ಪ್ರಜ್ಞೆ ತಪ್ಪಿತು.

ಗಂಗಮ್ಮ ನನ್ನ ಪೂಜೆಯನ್ನು ಪೂರ್ತಿ ಸ್ವೀಕರಿಸಿದ್ದಳು. ಎಸಳುಗಳು ಪಂಪಿನ ಬಾಯಿಗೆ, ಅರಿಶಿನ ಕುಂಕುಮ ತಾಮ್ರದ ಬಿಲ್ಲೆಯೊಳಗಿನ ಕೂದಲಿನಂಥ ಗೆರೆಗಳಿಗೆ!

ಅನ್ನಪೂರ್ಣ ಕಿರುಚಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಬಿಲ್ಲೆ ಬಿಚ್ಚಿ ತೊಳೀಬೇಕು ಮಾವಾರ. ಸಣ್ಣ ಸ್ಕ್ರೂಡ್ರೈವರ್ ತರ್ತೀನಿ, ಅಲ್ಲೀತನ ಏನೂ ಮುಟ್ಟಬ್ಯಾಡ್ರಿ," ಎಂದು ಒಳಗೆ ಹೋದಳು.

ಏನೂ ಮುಟ್ಟಬೇಡ ಎಂದರೆ ಫೋರ್‌ಮನ್ ಹೇಗೆ ಸುಮ್ಮನಿರುವುದು? ಲೈನು ಕಟ್ಟಿದರೆ ಹಿಮ್ಮುಖ ಒತ್ತಡ ಕೊಡಬೇಕು. ಇದು ಮೂಲಪಾಠ. ಕರೆಂಟಿನ ಪ್ಲಗ್ ಕಿತ್ತೆ, ಒಂದು ಪೈಪು ಬಿಚ್ಚಿದೆ, ಅದಕ್ಕೆ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ಕೊಳವೆ ಸಿಕ್ಕಿಸಿದೆ. ಬೀರುವಿನ ಬಾಗಿಲು ತೆರೆದೇ ಇತ್ತು. ಬೀದಿ ಬಾಗಿಲೂ ತೆರೆದಿತ್ತು.

"ಬರ್ರಿ ಸಾಹುಕಾರ್ರ, ಬರ್ರಿ, ಒಳಗ ಕುಂದ್ರಿ," ಎಂದು ಹೊರಗೆ ಶಾಂತಮ್ಮನ ದನಿ ಕೇಳಿತು.

ವೀರಭದ್ರಪ್ಪನವರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಮಲ್ಲಿಗೆಯಂಥ ಪಂಚೆ, ಮಲ್ಲಿಗೆಯಂಥ ಅಂಗಿ. ಅವರು ಕೋಣೆಯ ಹೊಸ್ತಿಲಲ್ಲಿ ಕಾಲಿಡುವುದಕ್ಕೂ ನಾನು ಪಂಪಿನ ಹಿಡಿಯನ್ನು ಮೈಭಾರ ಹಾಕಿ ಒತ್ತುವುದಕ್ಕೂ ಸರಿಹೋಯಿತು. ಎದುರಿನ ಜೋಡಣೆಯೊಂದು ಟಪ್ ಎಂದು ಕಳಚಿತು. ಗಂಗೆ ಪೂಜೆಯ ಸಮಸ್ತ ತೀರ್ಥವೂ ಬೀರುವಿನಿಂದ ಚಿಮ್ಮಿ ಸಾಹುಕಾರರನ್ನು ಎದೆಯಿಂದ ಮೊಣಕಾಲಿನವರೆಗೆ ಪಾವನಗೊಳಿಸಿತು!

ಸಾಹುಕಾರರ ಅಂಗಿಯ ಗುಂಡಿಯ ಮೇಲೆ ಒಂದು ಚೆಂಡುಹೂವಿನ ಎಸಳು ಅಂಟಿತ್ತು.

ಅವರ ಹಿಂದೆ ನಿಂತಿದ್ದ ಹೆಂಡತಿ ಗೌರಮ್ಮನವರು ಮೊದಲು ನಕ್ಕರು. "ಯಪ್ಪಾ! ಮಗಳಿಗೆ ಅರಿಷಿಣ ಹಚ್ಚೋ ದಿನ ಎಲ್ಲಾರೂ ಇವರಿಗೆ ಹಚ್ಚಾಕ ಬಂದ್ರ ಗಿರಣಿಗೆ ಓಡಿ ಹೋಗಿದ್ರು. ಈಗ ಸಿಕ್ರು ನೋಡ್ರಿ!"

"ಫೋರ್‌ಮನ್ರ," ಎಂದರು ಸಾಹುಕಾರರು ಮುಖ ಒರೆಸಿಕೊಳ್ಳುತ್ತ, "ಬೀಗರೂಟದ ಪಿಚ್ಚರ್ ಕೇಳಾಕ ಬಂದೀನ್ರಿ. ಜಳಕಾ ಮನ್ಯಾಗ ಮಾಡೇ ಬಂದೀನಿ."

"ಪಿಚ್ಚರ್ ಆಗ್ತೈತಿ ಸಾಹುಕಾರ್ರ," ಎಂದಳು ಅನ್ನಪೂರ್ಣ, ಸ್ಕ್ರೂಡ್ರೈವರ್ ಹಿಡಿದು ಬಂದವಳು. "ಸ್ವಲ್ಪ ತಡ ಆಗ್ತೈತಿ. ಊಟ ಮಾಡ್ಕೊಂಡು ಹೋಗೋವಂತ್ರಿ."

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಬಿಲ್ಲೆ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಗೆರೆಗೆರೆ ಉಜ್ಜಿದಳು. ಪಂಪಿನ ಬಾಯಿಂದ ಎಸಳು ಹೆಕ್ಕಿದಳು. ಒದ್ದೆಯಾದ ಭಾಗವನ್ನೆಲ್ಲ ಬಿಸಿಗಾಳಿಯಲ್ಲಿ ಒಣಗಿಸಿದಳು. ನಾನು ಪಕ್ಕದಲ್ಲಿ ನಿಂತು ಕೇಳಿದ್ದನ್ನು ಕೈಗೆ ಕೊಡುತ್ತಿದ್ದೆ, ಸರ್ವಿಸಿಗೆ ಸೇರಿದ ಮೊದಲ ದಿನದ ಹೆಲ್ಪರಿನ ಹಾಗೆ.

"ಹೊಸಾ ನೀರು ಬೇಕು ಮಾವಾರ. ನಲ್ಲಿ ನೀರು ಬ್ಯಾಡ, ಶುದ್ಧ ಇರಬೇಕು."

ಮೆಟ್ಟಿಲ ಕೆಳಗಿನಿಂದ ಇನ್ವರ್ಟರಿಗೆಂದು ಇಟ್ಟಿದ್ದ ಬ್ಯಾಟರಿ ನೀರಿನ ಕ್ಯಾನು ತಂದೆ. ಸೀಲು ಕೂಡ ಒಡೆದಿರಲಿಲ್ಲ. ಅನ್ನಪೂರ್ಣ ಕ್ಯಾನು ನೋಡಿದಳು, ನನ್ನನ್ನು ನೋಡಿದಳು, ಆ ದಿನ ಮೊದಲ ಬಾರಿಗೆ ನಕ್ಕಳು. "ನಿಮ್ಮ ಶಿಸ್ತು ಉಳಿಸ್ತು ನೋಡ್ರಿ ಮಾವಾರ." ಮುಳುಗಿಸಿದ್ದೂ ಅದೇ ಎಂಬುದನ್ನು ಅವಳು ಹೇಳಲಿಲ್ಲ. ದೊಡ್ಡ ಮನಸ್ಸಿನ ಹುಡುಗಿ.

ಮತ್ತೆ ಮೊದಲಿನಿಂದ ಚಿತ್ರ ಬೇಯತೊಡಗಿತು. ಶಾಂತಮ್ಮ ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಬಜ್ಜಿ ಮಾಡಿ ತಂದಳು. ಸಾಹುಕಾರರು ನನ್ನ ಪಂಚೆ ಉಟ್ಟು, ನನ್ನ ಅಂಗಿಯ ಗುಂಡಿ ಹಾಕಲಾಗದೆ ಹಾಗೇ ಬಿಟ್ಟು, ಮಿರ್ಚಿ ಕಚ್ಚುತ್ತ ಅಂಕಿಯನ್ನೇ ನೋಡಿದರು. ಅಂಕಿ ಹಸಿರಿನಲ್ಲೇ ಉಳಿಯಿತು. ಹೊರಗೆ ಬೆಂಕಿಯಂಥ ಬಿಸಿಲು, ಬೀರುವಿನೊಳಗೆ ತಣ್ಣಗಿನ ನೀರು. ಕೊನೆಗೆ ಟಿಂಗ್ ಎಂದಿತು.

ಅನ್ನಪೂರ್ಣ ಒಮ್ಮೆ ಓಡಿಸಿ ತೋರಿಸಿದಳು. ಹಂಪಿಯ ಬಂಡೆಗಳ ಮೇಲೆ ಮದುಮಕ್ಕಳು, ಕಮಲಾಪುರದ ಬಾಳೆ ತೋಟದ ನಡುವೆ ಅವರ ಕಾರು, ಆಮೇಲೆ ಕಂಪ್ಲಿಯ ಚಪ್ಪರ. ಧಾರೆಯ ಗಳಿಗೆ ಬಂತು. ತೆರೆಯ ಮೇಲೆ ವೀರಭದ್ರಪ್ಪನವರು ಮಗಳ ಕೈ ಹಿಡಿದು ನೀರು ಬಿಡುತ್ತಿದ್ದರು. ಕೆಳಗಿನ ತುಟಿ ನಡುಗುತ್ತಿತ್ತು. ಕುರ್ಚಿಯ ಮೇಲಿನ ವೀರಭದ್ರಪ್ಪನವರ ಕೈಯಲ್ಲಿ ಮಿರ್ಚಿ ಅರ್ಧಕ್ಕೇ ನಿಂತಿತು.

"ಇದನ್ನ ಯಾವಾಗ ಹಿಡಿದ್ರವ್ವಾ? ನನಗ ಗೊತ್ತಾಗೇ ಇಲ್ಲ," ಎಂದರು.

ಹೋಗುವಾಗ ಬೀರುವಿಗೆ ಕೈಮುಗಿದರು. ಅನ್ನಪೂರ್ಣಳಿಗೆ, "ಮಗಳ ಸೀಮಂತದ್ದೂ ನೀನ ಮಾಡ್ಬೇಕವ್ವಾ," ಎಂದರು. ನನ್ನ ಕಡೆ ತಿರುಗಿ, "ನೀವು ಅವತ್ತು ಊಟಕ್ಕ ಬಂದ್ರ ಸಾಕ್ರಿ. ಪೂಜಿ ಮಾಡಾಕ ನಮ್ಮ ಸ್ವಾಮ್ಯಾರು ಅದಾರ," ಎಂದರು.

ಈಗ ಆ ಬೀರು ದಿನವೂ ತಣ್ಣಗೆ ಕೆಲಸ ಮಾಡುತ್ತಿದೆ. ನೋಡಲು ಬಂದವರೆಲ್ಲ ಬೆರಗಾಗುತ್ತಾರೆ, ನಾನೂ ಅವರ ಜೊತೆ ನಿಂತು ಬೆರಗಾಗುತ್ತೇನೆ. ಅದರ ನೀರು ಬದಲಿಸುವುದು ಅನ್ನಪೂರ್ಣ. ನಮ್ಮ ಮನೆಯ ಜಲಸಾರಿಗೆಯಲ್ಲಿ ನನ್ನ ಪಾಲಿಗೆ ಉಳಿದಿರುವುದು ಬೆಳಗಿನ ಹೊತ್ತು ನಲ್ಲಿಯಲ್ಲಿ ನೀರು ಬಂದಾಗ ಕೊಡ ತುಂಬುವುದೊಂದೇ. ಅದಕ್ಕೂ ಮೊದಲು ಶಾಂತಮ್ಮ ಬಚ್ಚಲ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಾಳೆ.

"ಫೋರ್‌ಮನ್ರ, ಎರಡೂ ಕೈ ಮುಂದ ಚಾಚ್ರಿ."

ಚಾಚುತ್ತೇನೆ. ಅರಿಶಿನವೇನಾದರೂ ಕಂಡರೆ, ತೊಳೆದು ಬರಬೇಕು!